ಅಭ್ಯರ್ಥಿ ಯಾವತ್ತಿನಿಂದ ಅಭ್ಯರ್ಥಿ?

ಚುನಾವಣೆಯ ಹೊತ್ತಿನಲ್ಲಿ ರಾಷ್ಟ್ರನಾಯಕರು ಆಡುವ ಮಾತುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ‘1970ರ ಪತ್ರಿಕಾಗೋಷ್ಠಿಯೊಂದರಲ್ಲಿ ಕೊಟ್ಟ ಒಂದು ಚಿಕ್ಕ ಉತ್ತರ ಪ್ರಧಾನಿಯೊಬ್ಬರ ಆಯ್ಕೆಗೇ ಕುತ್ತು ತಂದಿತು’ ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನೇ ಹಿಡಿದುಕೊಂಡು ಬಂದಿರುವ ಪತ್ರಗಳು ಈ ಸಲ ಮೇಜಿನ ಮೇಲೆ ತುಂಬಿವೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ವಿಷಯಕ್ಕೆ ಸಂಬಂಧಿಸಿದ ಪತ್ರಗಳಿಗಷ್ಟೇ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಇಂದಿರಾ ಗಾಂಧಿಯವರ ಆಯ್ಕೆ ರದ್ದಾದದ್ದು ಸರ್ಕಾರಿ ನೌಕರರನ್ನು ಬಳಸಿಕೊಂಡ ಕಾರಣಕ್ಕೆ ಎಂದು ಓದಿದ್ದೇನೆ. ತಾವು ಪತ್ರಿಕಾಗೋಷ್ಠಿಯ ಉತ್ತರವೊಂದನ್ನು ಕಾರಣ ಮಾಡಿದ್ದೀರಿ. ಎರಡರಲ್ಲಿ ಯಾವುದು ಸರಿ? — ದಾವಣಗೆರೆಯ ಓದುಗರು

ಉತ್ತರ: ಎರಡೂ ಸರಿ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಅವರ ಎದುರು ಸೋತ ರಾಜ್‌ನಾರಾಯಣ್ ಹಾಕಿದ ಚುನಾವಣಾ ತಕರಾರು ಅರ್ಜಿಯಲ್ಲಿ, ನೌಕರರನ್ನು ಬಳಸಿಕೊಂಡದ್ದು ಆರೋಪ. ಆ ಬಳಕೆ ನಡೆದ ದಿನಗಳಲ್ಲಿ ಅವರು ಕಾನೂನಿನ ಕಣ್ಣಿಗೆ ‘ಅಭ್ಯರ್ಥಿ’ಯಾಗಿದ್ದರೇ ಎಂಬುದನ್ನು ತೀರ್ಮಾನಿಸಿದ್ದು ಮಾತ್ರ ಆ ಉತ್ತರ. ಇದು ಅರ್ಥವಾಗಬೇಕಾದರೆ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು.

ಅವಧಿಗೆ ಒಂದು ವರ್ಷಕ್ಕೂ ಮೊದಲೇ, 1970ರ ಡಿಸೆಂಬರ್ 27ರಂದು ಲೋಕಸಭೆ ವಿಸರ್ಜನೆಯಾಯಿತು. ಎರಡು ದಿನ ಕಳೆದು, ಡಿಸೆಂಬರ್ 29ರಂದು, ಪ್ರಧಾನಿ ಇಂದಿರಾ ಗಾಂಧಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಕಾಂಗ್ರೆಸ್ ಒಡೆದು ಒಂದು ವರ್ಷವಷ್ಟೇ ಆಗಿತ್ತು. ನಮ್ಮವರೇ ಆದ ಎಸ್. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ ಎದುರು ಪಾಳಯದಲ್ಲಿತ್ತು. ಪತ್ರಕರ್ತರೊಬ್ಬರು ಎದ್ದುನಿಂತು, ‘ಸ್ವಲ್ಪ ಹೊತ್ತಿನ ಮುಂಚೆ ವಿರೋಧ ಪಕ್ಷಗಳ ನಾಯಕರು ಸಭೆ ಸೇರಿದ್ದರು, ಪ್ರಧಾನಿಯವರು ತಮ್ಮ ಕ್ಷೇತ್ರವನ್ನು ರಾಯ್‌ಬರೇಲಿಯಿಂದ ಗುರಗಾಂವ್‌ಗೆ ಬದಲಾವಣೆ ಮಾಡುತ್ತಿದ್ದಾರೆ ಎಂದು ಅಲ್ಲಿ ಹೇಳಿದರು’ ಎಂಬ ಅರ್ಥದ ಮಾತನ್ನು ಮುಂದಿಟ್ಟರು. ಅದಕ್ಕೆ ಇಂದಿರಾ ಅವರು ಕೊಟ್ಟ ಉತ್ತರ, ‘ನೋ, ಐ ಆ್ಯಮ್ ನಾಟ್’ ಎಂಬ ನಾಲ್ಕು ಪದ. ಗೋಷ್ಠಿ ಮುಂದಿನ ಪ್ರಶ್ನೆಗೆ ಹೋಯಿತು. ಈ ನಾಲ್ಕು ಪದಗಳು ನಾಲ್ಕು ವರ್ಷಗಳ ನಂತರ ನ್ಯಾಯಾಲಯದ ಕಡತದಿಂದ ಎದ್ದುಬರುತ್ತವೆ ಎಂದು ಆ ಕೋಣೆಯಲ್ಲಿದ್ದ ಯಾರೂ ಎಣಿಸಿರಲಾರರು.

ಇನ್ನೊಂದು ಕಡೆ ಯಶಪಾಲ್ ಕಪೂರ್ ಇದ್ದರು. ಪ್ರಧಾನಿಯ ಸಚಿವಾಲಯದಲ್ಲಿ ವಿಶೇಷ ಕರ್ತವ್ಯಾಧಿಕಾರಿ, ಗೆಜೆಟೆಡ್ ದರ್ಜೆಯ ನೌಕರ. ಅವರು 1971ರ ಜನವರಿ 7ರಂದು ರಾಯ್‌ಬರೇಲಿ ಕ್ಷೇತ್ರದ ಮುನ್ಷಿಗಂಜ್‌ನಲ್ಲಿ ಭಾಷಣ ಮಾಡಿದರು ಎಂದು ಹೈಕೋರ್ಟ್ ತೀರ್ಮಾನಿಸಿತು. ರಾಜೀನಾಮೆ ಪತ್ರದ ತಾರೀಖು ಜನವರಿ 13. ಅದು ಜನವರಿ 14ರಿಂದಲೇ ಜಾರಿ ಎಂದು ಹೇಳುವ ಸರ್ಕಾರಿ ಅಧಿಸೂಚನೆ ಹೊರಬಿದ್ದದ್ದು ಜನವರಿ 25ರಂದು. ಇಂದಿರಾ ಅವರು ನಾಮಪತ್ರ ಸಲ್ಲಿಸಿದ್ದು ಫೆಬ್ರುವರಿ 1ರಂದು.

ಈಗ ಲೆಕ್ಕ ಹಾಕಿ. ನಾಮಪತ್ರ ಕೊಟ್ಟ ದಿನದಿಂದ ಮಾತ್ರ ಅವರು ಅಭ್ಯರ್ಥಿ ಎಂದಾದರೆ, ಆ ಹೊತ್ತಿಗೆ ಕಪೂರ್ ಯಾವ ಲೆಕ್ಕದಲ್ಲೂ ಸರ್ಕಾರಿ ನೌಕರರಲ್ಲ. ಅವರು ಎಷ್ಟು ಊರು ತಿರುಗಿ ಎಷ್ಟು ಭಾಷಣ ಮಾಡಿದ್ದರೂ ಆರೋಪ ನಿಲ್ಲುವುದಿಲ್ಲ. ಡಿಸೆಂಬರ್ 29ರಿಂದಲೇ ಅಭ್ಯರ್ಥಿ ಎಂದಾದರೆ, ಜನವರಿಯ ಆ ಮೂರು ವಾರಗಳು ಪೂರ್ತಿಯಾಗಿ ಕಾನೂನಿನ ಬಲೆಯೊಳಗೆ ಬರುತ್ತವೆ. ಆಗ ಜಾರಿಯಲ್ಲಿದ್ದ ಪ್ರಜಾಪ್ರತಿನಿಧಿ ಕಾಯ್ದೆಯ 79(ಬಿ) ಸೆಕ್ಷನ್ ಹೇಳುತ್ತಿದ್ದುದು ಇಷ್ಟು: ನಾಮಪತ್ರ ಸಲ್ಲಿಸಿದವರು ಅಭ್ಯರ್ಥಿ; ಆದರೆ ಚುನಾವಣೆ ಎದುರಿಗಿರುವಾಗ ತಾವು ಮುಂದೆ ನಿಲ್ಲುವವರೆಂದು ತೋರಿಸಿಕೊಳ್ಳಲು ಎಂದು ಆರಂಭಿಸಿದರೋ ಅಂದಿನಿಂದಲೇ ಅವರನ್ನು ಅಭ್ಯರ್ಥಿಯೆಂದು ಭಾವಿಸತಕ್ಕದ್ದು. ರಾಯ್‌ಬರೇಲಿಯನ್ನು ಬಿಡುವುದಿಲ್ಲ ಎಂದು ದೇಶದ ಪತ್ರಕರ್ತರ ಮುಂದೆ ಹೇಳಿದ ಆ ಉತ್ತರವೇ ‘ತೋರಿಸಿಕೊಂಡದ್ದು’ ಎಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ ಲಾಲ್ ಸಿನ್ಹಾ ತೀರ್ಪಿತ್ತರು. ದಿನ 1975ರ ಜೂನ್ 12.

ಎರಡನೆಯ ಆರೋಪವೊಂದಿತ್ತು. ಫೆಬ್ರುವರಿ 1 ಮತ್ತು 25ರ ಚುನಾವಣಾ ಸಭೆಗಳಿಗೆ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಲೋಕೋಪಯೋಗಿ ಮತ್ತು ವಿದ್ಯುತ್ ಇಲಾಖೆಗಳ ಎಂಜಿನಿಯರುಗಳ ನೆರವಿನಿಂದ ವೇದಿಕೆ ಕಟ್ಟಿಸಿ, ಧ್ವನಿವರ್ಧಕಕ್ಕೆ ವಿದ್ಯುತ್ ಪಡೆದದ್ದು ಎಂಬುದು ಅದು. ಹೈಕೋರ್ಟ್ ಅದನ್ನೂ ಒಪ್ಪಿತು; ಈ ಎರಡರಿಂದಾಗಿ ಆಯ್ಕೆ ರದ್ದಾಯಿತು, ಆರು ವರ್ಷ ಚುನಾವಣೆಗೆ ನಿಲ್ಲದಂತೆ ಅನರ್ಹತೆಯೂ ಬಂತು. ಪ್ರಧಾನಿ ಹೋದಲ್ಲೆಲ್ಲ ಭದ್ರತೆಗಾಗಿ ರಾಜ್ಯ ಸರ್ಕಾರವೇ ವೇದಿಕೆ ಕಟ್ಟಿಸಬೇಕೆಂಬ ಸೂಚನೆ ಸರ್ಕಾರದ ‘ಬ್ಲೂ ಬುಕ್’ನಲ್ಲಿತ್ತು ಎಂಬುದು ಇಂದಿರಾ ಅವರ ಸಮರ್ಥನೆ. ನನ್ನ ಮಟ್ಟಿಗೆ ಈ ಎರಡನೆಯ ಆರೋಪ ಸ್ವಲ್ಪ ತೆಳು. ಗುಂಡು ಹಾರಿಸುವವನಿಗೆ ಚುನಾವಣಾ ಸಭೆ, ಸರ್ಕಾರಿ ಸಭೆ ಎಂಬ ಭೇದ ಇರುವುದಿಲ್ಲ. ಮೊದಲನೆಯ ಆರೋಪದ ಬಗ್ಗೆ ಹಾಗೆನ್ನಲು ನನಗೆ ಆಗುವುದಿಲ್ಲ.

ಪ್ರಶ್ನೆ: ಕೇಳಿದ್ದು ಗುರಗಾಂವ್‌ಗೆ ಹೋಗುತ್ತೀರಾ ಎಂದು. ಅವರು ಇಲ್ಲ ಎಂದರು. ‘ಅಲ್ಲಿಗೆ ಹೋಗುವುದಿಲ್ಲ’ ಎನ್ನುವುದು ‘ಇಲ್ಲಿ ನಿಲ್ಲುತ್ತೇನೆ’ ಎಂದಾಗುವುದು ಹೇಗೆ? ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. — ಸಾಗರದ ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ತಮ್ಮ ವಾದವನ್ನೇ ಇಂದಿರಾ ಅವರೂ ನ್ಯಾಯಾಲಯದಲ್ಲಿ ಮಂಡಿಸಿದರು. 1975ರ ಮಾರ್ಚ್ 18ರಂದು ಅವರು ಖುದ್ದಾಗಿ ಅಲಹಾಬಾದಿಗೆ ಬಂದು ಸಾಕ್ಷಿ ನುಡಿದರು. ಪ್ರಧಾನಿ ಪದವಿಯಲ್ಲಿರುವವರೊಬ್ಬರು ಹಾಗೆ ಸಾಕ್ಷಿಯಾಗಿ ಬಂದದ್ದು ಅದೇ ಮೊದಲು. ನ್ಯಾಯಾಲಯದಲ್ಲಿ ಎದ್ದುನಿಲ್ಲುವ ಗೌರವ ನ್ಯಾಯಾಧೀಶರಿಗೆ ಮಾತ್ರ ಸಲ್ಲುವಂಥದ್ದು, ಆದ್ದರಿಂದ ಸಾಕ್ಷಿ ಒಳಗೆ ಬಂದಾಗ ಯಾರೂ ಏಳುವ ಅಗತ್ಯವಿಲ್ಲ ಎಂದು ನ್ಯಾಯಮೂರ್ತಿಗಳು ಮುಂಚಿತವಾಗಿಯೇ ತಿಳಿಸಿದ್ದರು. ಕೂರಲು ಅವರಿಗೆ ಕುರ್ಚಿ ಹಾಕಿಸಲಾಗಿತ್ತು. ರಾಯ್‌ಬರೇಲಿಯಿಂದ ನಿಲ್ಲುವ ಅಂತಿಮ ನಿರ್ಧಾರ ಮಾಡಿದ್ದು ಫೆಬ್ರುವರಿ 1ರಂದು, ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಗುರಗಾಂವ್ ಸುದ್ದಿ ನಿಜವಲ್ಲ ಎಂದಷ್ಟೇ, ಎಂಬುದು ಅವರ ನಿಲುವು.

ವ್ಯಾಕರಣದ ಮಟ್ಟಿಗೆ ತಾವು ಹೇಳುವುದು ಸರಿ. ನಿರಾಕರಿಸಿದ್ದು ಒಂದು ಕ್ರಿಯೆಯನ್ನು ಮಾತ್ರ. ಆದರೆ ಮಾತು ವ್ಯಾಕರಣದೊಳಗೆ ಮಾತ್ರ ಬದುಕುವುದಿಲ್ಲ. ಸಾಗರದ ಪೇಟೆಯಲ್ಲಿ ಬಹುಕಾಲದಿಂದ ಅಂಗಡಿ ಇಟ್ಟಿರುವವರನ್ನು, ‘ಏನು ಸ್ವಾಮಿ, ಅಂಗಡಿ ಶಿವಮೊಗ್ಗಕ್ಕೆ ಎತ್ತುತ್ತೀರಂತೆ?’ ಎಂದು ಕೇಳಿ ನೋಡಿ. ‘ಇಲ್ಲಪ್ಪ’ ಎಂದು ಅವರು ಅಂದರೆ, ಕೇಳಿದವರು ನಾಳೆಯೂ ಅದೇ ಅಂಗಡಿಗೆ ಬರುತ್ತಾರೆ. ಅವರು ಅಂಗಡಿಯನ್ನೇ ಮುಚ್ಚುವ ಯೋಚನೆಯಲ್ಲಿದ್ದಾರೆಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಹಾಗೆ ಮುಚ್ಚುವ ಯೋಚನೆ ಇದ್ದಿದ್ದರೆ, ಅಥವಾ ಇನ್ನೂ ತೀರ್ಮಾನಿಸಿರದಿದ್ದರೆ, ಉತ್ತರದ ರಾಗವೇ ಬೇರೆಯಾಗುತ್ತಿತ್ತು: ‘ನೋಡೋಣ, ಇನ್ನೂ ಏನೂ ಅಂದುಕೊಂಡಿಲ್ಲ’. ಪ್ರಶ್ನೆಯಲ್ಲಿದ್ದದ್ದು ‘ಬದಲಾವಣೆ’ ಎಂಬ ಪದ. ರಾಯ್‌ಬರೇಲಿಯ ಸಂಸತ್ ಸದಸ್ಯರು, ಲೋಕಸಭೆ ವಿಸರ್ಜನೆಯಾಗಿ ಎರಡು ದಿನವಾಗಿರುವಾಗ, ಬದಲಾವಣೆಯನ್ನು ನಿಸ್ಸಂದಿಗ್ಧವಾಗಿ ಅಲ್ಲಗಳೆದರೆ, ಮರುದಿನ ಪತ್ರಿಕೆ ಓದುವ ರಾಯ್‌ಬರೇಲಿಯ ಮತದಾರ ಏನೆಂದುಕೊಳ್ಳುತ್ತಾನೆ? ಕಾನೂನು ಕೇಳುತ್ತಿದ್ದುದೂ ಅದನ್ನೇ. ಮನಸ್ಸಿನಲ್ಲಿ ಯಾವಾಗ ತೀರ್ಮಾನಿಸಿದಿರಿ ಎಂದು ಅದು ಕೇಳಲಿಲ್ಲ; ಹೊರಗೆ ಏನು ತೋರಿಸಿಕೊಂಡಿರಿ ಎಂದು ಕೇಳಿತು. ನ್ಯಾಯಮೂರ್ತಿ ಸಿನ್ಹಾ ಅವರ ಓದು ಸರಿಯಾದ ಓದು ಎಂದೇ ನನ್ನ ಭಾವನೆ.

ಒಂದು ಮಾತನ್ನು ಮಾತ್ರ ಸೇರಿಸಬೇಕು. ಈ ಬಗೆಯ ಓದಿನಲ್ಲಿ ಅಪಾಯವಿಲ್ಲದೆ ಇಲ್ಲ. ಸಿದ್ಧತೆಯಿಲ್ಲದೆ, ಗದ್ದಲದ ನಡುವೆ ಕೊಟ್ಟ ಉತ್ತರದ ಒಂದು ಪದದ ಮೇಲೆ ಆರು ವರ್ಷದ ಅನರ್ಹತೆಯನ್ನು ನಿಲ್ಲಿಸುವುದು ಯಾವ ನ್ಯಾಯಾಧೀಶರಿಗೂ ಹಗುರವಾದ ಕೆಲಸವಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಂ.ಎಚ್. ಬೇಗ್ ಅವರು ಸಾಕ್ಷ್ಯಗಳನ್ನು ತಾವೇ ಮತ್ತೆ ತೂಗಿ, ಹೈಕೋರ್ಟಿನ ತೀರ್ಮಾನಗಳು ನಿಲ್ಲುವುದಿಲ್ಲ ಎಂದು ಪ್ರತ್ಯೇಕವಾಗಿ ಬರೆದರು. ಮೇಷ್ಟ್ರ ಪಕ್ಷದಲ್ಲೂ ಒಬ್ಬ ನ್ಯಾಯಮೂರ್ತಿ ಇದ್ದಾರೆ ಎಂದಾಯಿತು.

ಪ್ರಶ್ನೆ: ಸುಪ್ರೀಂ ಕೋರ್ಟ್ ಕೊನೆಗೆ ಇಂದಿರಾ ಅವರ ಆಯ್ಕೆಯನ್ನು ಎತ್ತಿಹಿಡಿಯಿತಲ್ಲವೇ? ಹಾಗಾದರೆ ಹೈಕೋರ್ಟ್ ತಪ್ಪು ಮಾಡಿತು ಎಂದು ತಾನೇ ಅರ್ಥ? — ಮೈಸೂರಿನ ಕಾನೂನು ವಿದ್ಯಾರ್ಥಿನಿ

ಉತ್ತರ: ಈ ತಪ್ಪು ತಿಳಿವಳಿಕೆ ತುಂಬ ಹರಡಿದೆ. ಸುಪ್ರೀಂ ಕೋರ್ಟ್ ಎತ್ತಿಹಿಡಿಯುವ ಹೊತ್ತಿಗೆ ಕಾನೂನೇ ಬದಲಾಗಿತ್ತು.

ಜೂನ್ 24ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು. ಪಕ್ಷಾಂತರ ನಿಷೇಧದ ಮಸೂದೆಗೆ ಸಂಬಂಧಿಸಿದ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ ನಂದನ ಮಿಶ್ರಾ ಅವರನ್ನು ಜೂನ್ 26ರಂದು ಇಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹಕ್ಕೆ ಕಳಿಸಲಾಯಿತು. ಹೀಗೆ ವಿರೋಧ ಪಕ್ಷದ ಪ್ರಮುಖರು ಸೆರೆಯಲ್ಲಿದ್ದಾಗ, ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದಾಗ, ಆಗಸ್ಟ್ ಮೊದಲ ವಾರದಲ್ಲಿ ಸಂಸತ್ತು ಚುನಾವಣಾ ಕಾನೂನುಗಳ ತಿದ್ದುಪಡಿ ಕಾಯ್ದೆಯನ್ನು ಅಂಗೀಕರಿಸಿತು.

ಆ ಕಾಯ್ದೆಯನ್ನು ಹೈಕೋರ್ಟಿನ ತೀರ್ಪಿನ ಪಕ್ಕ ಇಟ್ಟುಕೊಂಡು ಓದಬೇಕು. ಹರಿದ ಬಟ್ಟೆಗೆ ದರ್ಜಿ ಅಳತೆ ತೆಗೆದು ತೇಪೆ ಹಾಕಿದ ಹಾಗಿದೆ. ‘ತೋರಿಸಿಕೊಳ್ಳಲು ಆರಂಭಿಸಿದ ದಿನದಿಂದ ಅಭ್ಯರ್ಥಿ’ ಎಂಬ ಬಾಲವನ್ನು 79(ಬಿ)ಯಿಂದ ಕತ್ತರಿಸಿದರು. ಡಿಸೆಂಬರ್ 29ರ ಉತ್ತರ ಅಲ್ಲಿಗೆ ಬರಿಯ ಮಾತಾಯಿತು. ಸರ್ಕಾರಿ ನೌಕರನ ರಾಜೀನಾಮೆ ಯಾವತ್ತಿನಿಂದ ಜಾರಿ ಎಂಬುದಕ್ಕೆ ಗೆಜೆಟ್ಟಿನಲ್ಲಿ ಹಾಕಿದ ತಾರೀಖೇ ಪರಮ ಸಾಕ್ಷಿ ಎಂದು ಸೇರಿಸಿದರು. ಕಪೂರ್ ಜನವರಿ 14ಕ್ಕೇ ಬಿಡುಗಡೆಯಾದರು. ಅಧಿಕಾರಿಗಳು ತಮ್ಮ ಕರ್ತವ್ಯದ ಭಾಗವಾಗಿ ಅಭ್ಯರ್ಥಿಗೆ ಮಾಡಿಕೊಡುವ ಏರ್ಪಾಡು ‘ನೆರವು’ ಅಲ್ಲ ಎಂದರು. ವೇದಿಕೆಗಳ ಆರೋಪ ಕಳಚಿತು. ಕಾಂಗ್ರೆಸ್ಸಿನ ಹಸು-ಕರು ಗುರುತು ಧಾರ್ಮಿಕ ಚಿಹ್ನೆ ಎಂಬ ಆಕ್ಷೇಪವನ್ನು ಹೈಕೋರ್ಟೇ ತಳ್ಳಿಹಾಕಿತ್ತು. ಆದರೂ ಮೇಲ್ಮನವಿಯಲ್ಲಿ ಅದು ಮತ್ತೆ ತಲೆ ಎತ್ತೀತೆಂದೋ ಏನೋ, ಆಯೋಗ ಹಂಚಿಕೆ ಮಾಡಿದ ಗುರುತು ಧಾರ್ಮಿಕ ಚಿಹ್ನೆಯಾಗದು ಎಂಬ ಸಾಲೂ ಒಳಗೆ ಬಂತು. ಇವೆಲ್ಲವೂ ಹಿಂದೆ ನಡೆದು ಇನ್ನೂ ತಕರಾರಿನಲ್ಲಿರುವ ಚುನಾವಣೆಗಳಿಗೂ ಅನ್ವಯ ಎಂಬುದು ಕೊನೆಯ ಹೊಲಿಗೆ.

ಇಷ್ಟೂ ಸಾಲದೆಂದು, ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ಆರಂಭವಾಗಬೇಕಿದ್ದ ಆಗಸ್ಟ್ 11ರ ಹಿಂದಿನ ದಿನ 39ನೆಯ ಸಂವಿಧಾನ ತಿದ್ದುಪಡಿಗೆ ಅಂಕಿತ ಬಿತ್ತು. ಅದು ಸೇರಿಸಿದ 329ಎ ವಿಧಿಯ ನಾಲ್ಕನೆಯ ಖಂಡ, ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯ ಏನೇ ಹೇಳಿದ್ದರೂ ಸಿಂಧು ಎಂದು ಸಾರಿತು. ನವೆಂಬರ್ 7ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಖಂಡವನ್ನು ರದ್ದುಪಡಿಸಿತು. ಆದರೆ ತಿದ್ದುಪಡಿ ಕಾಯ್ದೆಯನ್ನು ಉಳಿಸಿಕೊಂಡು, ಆ ಹೊಸ ಕಾನೂನಿನ ಪ್ರಕಾರ ಇಂದಿರಾ ಅವರ ಆಯ್ಕೆ ಸರಿ ಎಂದಿತು. ಹೀಗಾಗಿ, ಡಿಸೆಂಬರ್ 29ರ ಉತ್ತರವನ್ನು ಹೈಕೋರ್ಟ್ ಓದಿದ ರೀತಿ ತಪ್ಪು ಎಂಬುದು ಆ ತೀರ್ಪಿಗೆ ಆಧಾರವಲ್ಲ. ಆ ಉತ್ತರವನ್ನು ಓದುವ ಅಗತ್ಯವೇ ಇಲ್ಲದ ಹಾಗೆ ಕಾನೂನು ಬದಲಾಗಿತ್ತು ಎಂಬುದು ಆಧಾರ. ಆಟ ಮುಗಿದ ಮೇಲೆ ಗೆರೆಯನ್ನು ಸರಿಸುವ ಅಧಿಕಾರ ಶಾಸಕಾಂಗಕ್ಕೆ ಇರಬಹುದು. ಸರಿಸುವವರೇ ಆಟಗಾರರೂ ಆಗಿದ್ದಾಗ ನ್ಯಾಯಾಲಯ ಇನ್ನಷ್ಟು ಗಟ್ಟಿಯಾಗಿ ಮಾತನಾಡಬಹುದಿತ್ತು ಎಂದು ಪರೀಕ್ಷೆಯ ಉತ್ತರದಲ್ಲಿ ಬರೆಯಬೇಡಿ. ಅದು ನನ್ನ ಅಭಿಪ್ರಾಯ.

ಪ್ರಶ್ನೆ: ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದವರನ್ನು ಒಂದು ವೇದಿಕೆ, ಒಬ್ಬ ನೌಕರ ಎಂದು ಇಳಿಸುವುದು, ಸಿಗ್ನಲ್ ದಾಟಿದ್ದಕ್ಕೆ ಗಲ್ಲಿಗೇರಿಸಿದಂತಲ್ಲವೇ? — ಕಲಬುರಗಿಯ ಓದುಗರು

ಉತ್ತರ: ಅಂದು ವಿದೇಶಿ ಪತ್ರಿಕೆಗಳೂ ಇದೇ ಹೋಲಿಕೆ ಕೊಟ್ಟವು. ಗೆಲುವಿನ ಅಂತರ 1,11,810 ಮತಗಳು, ನಿಜ. ರಾಜ್‌ನಾರಾಯಣ್ ಅವರಿಗೆ ಬಂದದ್ದು 71,499 ಮಾತ್ರ. ಕಪೂರ್ ಅವರ ಜನವರಿಯ ಭಾಷಣವಿಲ್ಲದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಾಯ್ದೆಯ 100ನೆಯ ಸೆಕ್ಷನ್, ಗೆದ್ದ ಅಭ್ಯರ್ಥಿಯೇ ‘ಭ್ರಷ್ಟ ಆಚರಣೆ’ (ಸರ್ಕಾರಿ ನೌಕರರ ನೆರವು ಪಡೆಯುವುದೂ ಅದರಲ್ಲಿ ಸೇರಿದೆ) ನಡೆಸಿದ್ದು ಸಾಬೀತಾದರೆ, ಅದರಿಂದ ಫಲಿತಾಂಶಕ್ಕೆ ಎಷ್ಟು ಪೆಟ್ಟಾಯಿತು ಎಂದು ತೂಗಲು ಅವಕಾಶ ಕೊಡುವುದಿಲ್ಲ. ಆಯ್ಕೆಯನ್ನು ಅಸಿಂಧು ಎಂದು ಘೋಷಿಸಲೇಬೇಕು. ದೊಡ್ಡ ತಪ್ಪು, ಸಣ್ಣ ತಪ್ಪು ಎಂಬ ತಕ್ಕಡಿಯನ್ನು ಸಂಸತ್ತು ನ್ಯಾಯಾಧೀಶರ ಕೈಗೆ ಕೊಟ್ಟಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿ: ಮತದಾರರಿಗೆ ಕಂಬಳಿ, ಮದ್ಯ ಹಂಚಿದರು, ವಾಹನ ಒದಗಿಸಿದರು, 35,000 ರೂಪಾಯಿಯ ವೆಚ್ಚದ ಮಿತಿ ಮೀರಿದರು ಎಂಬ ಗಂಭೀರ ಆರೋಪಗಳೆಲ್ಲವನ್ನೂ ಅದೇ ನ್ಯಾಯಮೂರ್ತಿಗಳು ಪುರಾವೆ ಸಾಲದೆಂದು ತಳ್ಳಿಹಾಕಿದರು. ಉಳಿದದ್ದು ಎರಡು. ಆ ಎರಡನ್ನು ಸಣ್ಣವು ಎಂದು ಬಿಟ್ಟುಬಿಡುವ ಅಧಿಕಾರ ಅವರಿಗಿರಲಿಲ್ಲ.

ಪ್ರಶ್ನೆ: 1978ರಲ್ಲಿ ನಮ್ಮ ಕ್ಷೇತ್ರದಿಂದ ಇಂದಿರಾ ಗಾಂಧಿಯವರು ನಿಂತಾಗ ಆರು ವರ್ಷದ ನಿಷೇಧ ಏನಾಗಿತ್ತು? — ಚಿಕ್ಕಮಗಳೂರಿನ ಓದುಗರು

ಉತ್ತರ: ಸುಪ್ರೀಂ ಕೋರ್ಟಿನ ನವೆಂಬರ್ ತೀರ್ಪಿನೊಂದಿಗೆ ಅದು ಹೋಗಿತ್ತು. ಹೈಕೋರ್ಟಿನ ಆದೇಶ ಹಾಗೆಯೇ ಉಳಿದಿದ್ದರೆ 1981ರ ಜೂನ್‌ವರೆಗೆ ಅವರು ಎಲ್ಲಿಯೂ ನಿಲ್ಲುವಂತಿರಲಿಲ್ಲ. 1977ರಲ್ಲಿ ರಾಯ್‌ಬರೇಲಿಯಲ್ಲಿ ಅದೇ ರಾಜ್‌ನಾರಾಯಣ್ ಅವರ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲುವುದಕ್ಕೂ ಅವಕಾಶವಿರುತ್ತಿರಲಿಲ್ಲ, ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಲ್ಲಿ 1978ರ ನವೆಂಬರ್‌ನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸುವುದಕ್ಕೂ ಇರುತ್ತಿರಲಿಲ್ಲ. ಗೋಡೆಗಳ ಮೇಲೆಲ್ಲ ‘ಏಕ್ ಶೇರ್ನಿ ಸೌ ಲಂಗೂರ್’ ಎಂದು ಬರೆಸಿಕೊಂಡ ನಿಮ್ಮೂರಿನ ಆ ಉಪಚುನಾವಣೆಯೇ ನಡೆಯುತ್ತಿರಲಿಲ್ಲ.

ಪ್ರಶ್ನೆ: ತುರ್ತು ಪರಿಸ್ಥಿತಿಯ ಕಾಲದ ತಿದ್ದುಪಡಿಗಳನ್ನು ಜನತಾ ಸರ್ಕಾರ ತೆಗೆದುಹಾಕಿತಲ್ಲ. ಹಾಗಿದ್ದರೆ ಇಂದು ನಾಮಪತ್ರಕ್ಕೆ ಮೊದಲು ನಾಯಕರು ಆಡುವ ಮಾತಿಗೆ ಬೆಲೆ ಇದೆಯೇ, ಇಲ್ಲವೇ? — ಹುಬ್ಬಳ್ಳಿಯ ವಕೀಲರು

ಉತ್ತರ: ತೆಗೆದದ್ದು ಸಂವಿಧಾನದಲ್ಲಿದ್ದದ್ದನ್ನು. 44ನೆಯ ತಿದ್ದುಪಡಿಯ ಮೂಲಕ 329ಎ ವಿಧಿ 1979ರಲ್ಲಿ ಪೂರ್ತಿಯಾಗಿ ಹೋಯಿತು. ‘ಅಭ್ಯರ್ಥಿ’ಯ ವ್ಯಾಖ್ಯೆಯಿಂದ ಕತ್ತರಿಸಿದ ಬಾಲವನ್ನು ಮಾತ್ರ ಯಾರೂ ಮರಳಿ ಜೋಡಿಸಲಿಲ್ಲ; ಜನತಾ ಪಕ್ಷದವರೂ ಇಲ್ಲ, ನಂತರ ಬಂದ ಯಾವ ಸರ್ಕಾರವೂ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ರಾಯ್‌ಬರೇಲಿಗೆಂದು ಹೊಲಿದ ಅಂಗಿ ಎಲ್ಲ ಪಕ್ಷಗಳ ಮೈಗೂ ಸರಿಹೊಂದಿತು. 1990ರ ದಶಕದಲ್ಲಿ ಮುಂಬಯಿಯ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್, ನಾಮಪತ್ರಕ್ಕೆ ಮೊದಲಿನ ನಡೆನುಡಿಯನ್ನು ಭ್ರಷ್ಟ ಆಚರಣೆಯ ಆರೋಪಕ್ಕೆ ಆಧಾರ ಮಾಡಿಕೊಳ್ಳಲಾಗದು ಎಂದು ಸ್ಪಷ್ಟಪಡಿಸಿತು.

ಇದರ ಪರಿಣಾಮ ಮಾತಿಗಷ್ಟೇ ನಿಂತಿಲ್ಲ, ದುಡ್ಡಿಗೂ ತಟ್ಟಿದೆ. 77ನೆಯ ಸೆಕ್ಷನ್ ಪ್ರಕಾರ ಅಭ್ಯರ್ಥಿ ಲೆಕ್ಕ ಕೊಡಬೇಕಾದದ್ದು ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ವೆಚ್ಚಕ್ಕೆ ಮಾತ್ರ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಅಭ್ಯರ್ಥಿಯೊಬ್ಬರ ಮಿತಿ 95 ಲಕ್ಷ ರೂಪಾಯಿ. ಅದಕ್ಕೆ ಮೂರು ತಿಂಗಳು ಮೊದಲೇ ಊರೂರಲ್ಲಿ ಕಟೌಟು, ಕುಕ್ಕರು, ಸೀರೆ, ಕ್ರಿಕೆಟ್ ಪಂದ್ಯಾವಳಿ ನಡೆದಿದ್ದರೆ ಅದು ಆ 95 ಲಕ್ಷದೊಳಗೆ ಬರುವುದಿಲ್ಲ. ‘ನಾನೇ ಈ ಕ್ಷೇತ್ರದ ಮುಂದಿನ ಅಭ್ಯರ್ಥಿ’ ಎಂದು ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿಕೊಂಡವರು ಕಾನೂನಿನ ಮಟ್ಟಿಗೆ ಇನ್ನೂ ಯಾರೂ ಅಲ್ಲ. 1971ರ ಕಾನೂನಿನಲ್ಲಿ ಆ ಫ್ಲೆಕ್ಸೇ ಸಾಕ್ಷಿಯಾಗುತ್ತಿತ್ತು.

ಮಾದರಿ ನೀತಿ ಸಂಹಿತೆ ಇದೆಯಲ್ಲ ಎನ್ನುತ್ತೀರಿ. ಅದು ವೇಳಾಪಟ್ಟಿ ಪ್ರಕಟವಾದ ದಿನದಿಂದ ಜಾರಿಗೆ ಬರುತ್ತದೆ, ಅಂದರೆ ನಾಮಪತ್ರಕ್ಕಿಂತ ಕೆಲವು ವಾರ ಮೊದಲು. ಆಡಳಿತ ಪಕ್ಷಕ್ಕೆ ಸಂಬಂಧಿಸಿದ ಭಾಗ ಅದರೊಳಗೆ ಸೇರಿದ್ದು 1979ರಲ್ಲಿ. ಮಂತ್ರಿಗಳು ಸರ್ಕಾರಿ ಪ್ರವಾಸವನ್ನೂ ಪ್ರಚಾರವನ್ನೂ ಬೆರೆಸಬಾರದು, ಸರ್ಕಾರಿ ವಾಹನ, ವಿಮಾನ, ನೌಕರರನ್ನು ಪ್ರಚಾರಕ್ಕೆ ಬಳಸಬಾರದು ಎನ್ನುತ್ತದೆ. ಪ್ರಧಾನಿಗೆ ಭದ್ರತೆಯ ಕಾರಣಕ್ಕೆ ವಿನಾಯಿತಿ ಇದೆ. ಆದರೆ ಸಂಹಿತೆ ಶಾಸನವಲ್ಲ. ಅದನ್ನು ಮೀರಿದರೆ ಆಯೋಗದಿಂದ ನೋಟಿಸು, ಎಚ್ಚರಿಕೆ, ಹೆಚ್ಚೆಂದರೆ ಕೆಲವು ದಿನ ಪ್ರಚಾರಕ್ಕೆ ತಡೆ ಬರಬಹುದು. ಆಯ್ಕೆ ಹೋಗುವುದಿಲ್ಲ. ಮತಧರ್ಮಗಳ ನಡುವೆ ದ್ವೇಷ ಹುಟ್ಟಿಸುವ ಮಾತಿನ ವಿಷಯ ಬೇರೆ. ಚುನಾವಣೆಗೆ ಸಂಬಂಧಿಸಿದಂತೆ ಅದನ್ನಾಡಿದವರು ಯಾರೇ ಆಗಿರಲಿ, 125ನೆಯ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ. ಅಲ್ಲಿ ಮಾತಾಡಿದವರು ಅಭ್ಯರ್ಥಿಯಾಗಿರಲೇಬೇಕು ಎಂದಿಲ್ಲ.

ಪ್ರಶ್ನೆ: ತಾನೇ ನಿಲ್ಲದೆ, ಇನ್ನೊಬ್ಬರ ಪರ ಭಾಷಣ ಮಾಡುವ ನಾಯಕರ ಮಾತಿಗೆ ಹೊಣೆ ಯಾರು? — ಉಡುಪಿಯ ಓದುಗರು

ಉತ್ತರ: ಅಭ್ಯರ್ಥಿಯ ಒಪ್ಪಿಗೆಯಿಂದ ಆಡಿದ ಮಾತಾದರೆ ಇಬ್ಬರೂ ಹೊಣೆ. 1987ರ ಡಿಸೆಂಬರ್‌ನಲ್ಲಿ ಮುಂಬಯಿಯ ವಿಲೇ ಪಾರ್ಲೆ ಉಪಚುನಾವಣೆ ನಡೆಯಿತು. ಅಭ್ಯರ್ಥಿ ರಮೇಶ್ ಪ್ರಭು. ಭಾಷಣಗಳನ್ನು ಮಾಡಿದ್ದು ಬಾಳಾ ಠಾಕ್ರೆ. ಧರ್ಮದ ಹೆಸರಿನಲ್ಲಿ ಮತ ಕೇಳಿದ ಆ ಭಾಷಣಗಳಿಗಾಗಿ ಪ್ರಭು ಅವರ ಆಯ್ಕೆ ರದ್ದಾಯಿತು. 1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಭ್ಯರ್ಥಿಯೇ ಅಲ್ಲದ ಠಾಕ್ರೆಯವರೂ ಆರು ವರ್ಷ ಮತದಾನದ ಹಕ್ಕನ್ನು ಕಳೆದುಕೊಂಡರು. ಅದೇ ದಿನ ಬಂದ ಇನ್ನೊಂದು ತೀರ್ಪಿನಲ್ಲಿ, ಮಹಾರಾಷ್ಟ್ರದಲ್ಲಿ ಮೊದಲ ಹಿಂದೂ ರಾಜ್ಯ ಸ್ಥಾಪನೆಯಾಗುತ್ತದೆ ಎಂಬ ಮನೋಹರ ಜೋಶಿಯವರ ಮಾತನ್ನು, ಅದು ಕೇವಲ ಒಂದು ಆಶಯ, ಧರ್ಮದ ಹೆಸರಿನಲ್ಲಿ ಮತ ಕೇಳಿದ್ದಲ್ಲ ಎಂದು ನ್ಯಾಯಾಲಯ ಬಿಟ್ಟಿತು. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೆರೆ ಎಲ್ಲಿದೆ ಎಂಬ ಗೊಂದಲವಾದರೆ ಅದು ಓದಿದವರ ತಪ್ಪಲ್ಲ.

ಇಲ್ಲಿಯೂ ಆ ತಾರೀಖಿನ ಪ್ರಶ್ನೆ ನುಸುಳುತ್ತದೆ. ಒಪ್ಪಿಗೆ ಕೊಡಬೇಕಾದವರು ‘ಅಭ್ಯರ್ಥಿ’. ನಾಮಪತ್ರಕ್ಕೆ ಮೊದಲು ಅಭ್ಯರ್ಥಿಯೇ ಇಲ್ಲ. ಇಲ್ಲದವರ ಒಪ್ಪಿಗೆ ಎಲ್ಲಿಂದ ಬರಬೇಕು? ಆದ್ದರಿಂದ ರಾಷ್ಟ್ರನಾಯಕರ ಅತ್ಯಂತ ಖಾರವಾದ ಭಾಷಣಗಳು ನಾಮಪತ್ರದ ಮುಂಚೆ ಮುಗಿದಿದ್ದರೆ, ಯಾವ ಚುನಾವಣಾ ತಕರಾರು ಅರ್ಜಿಗೂ ಅವು ಸಿಗುವುದಿಲ್ಲ.

ಪ್ರಶ್ನೆ: ಗ್ಯಾರಂಟಿಗಳ ಘೋಷಣೆ ಮತದಾರರಿಗೆ ಲಂಚ ಎಂದು ನ್ಯಾಯಾಲಯಕ್ಕೆ ಹೋಗಬಹುದೇ? — ತುಮಕೂರಿನ ಓದುಗರು

ಉತ್ತರ: ಈಗಾಗಲೇ ಹೋಗಿ ಬಂದಿದ್ದಾರೆ. ಪ್ರಣಾಳಿಕೆಯ ಭರವಸೆ ಭ್ರಷ್ಟ ಆಚರಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಹೇಳಿತ್ತು. ನಮ್ಮಲ್ಲಿ 2023ರ ಚಾಮರಾಜಪೇಟೆ ಆಯ್ಕೆಯನ್ನು ಐದು ಗ್ಯಾರಂಟಿಗಳ ಕಾರಣಕ್ಕೆ ಪ್ರಶ್ನಿಸಿದಾಗ ಹೈಕೋರ್ಟ್ ಒಪ್ಪಲಿಲ್ಲ. ಪಕ್ಷ ಕೊಟ್ಟ ಭರವಸೆಯನ್ನು ಅಭ್ಯರ್ಥಿಯ ಭ್ರಷ್ಟ ಆಚರಣೆ ಎನ್ನುವುದು ಬಹಳ ದೂರ ಎಳೆದ ವಾದ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಿರಸ್ಕರಿಸಿತು.

ಪ್ರಶ್ನೆ: ನಮ್ಮ ಜಿಲ್ಲೆಯ ನಾಯಕರೊಬ್ಬರು ಪ್ರತಿ ಚುನಾವಣೆಗೂ ಮುಂಚೆ ಕೊನೆಯ ದಿನದವರೆಗೆ ‘ಪಕ್ಷ ಹೇಳಿದರೆ ನಿಲ್ಲುತ್ತೇನೆ, ಇಲ್ಲದಿದ್ದರೆ ಇಲ್ಲ’ ಎಂದೇ ಹೇಳುತ್ತಾರೆ. ಅಲಹಾಬಾದ್ ತೀರ್ಪಿನ ಭಯವೇ? — ಮಂಡ್ಯದ ಓದುಗರು

ಉತ್ತರ: 1975ಕ್ಕೆ ಮೊದಲಾಗಿದ್ದರೆ, ಅವರ ಬೆನ್ನ ಹಿಂದೆ ಒಬ್ಬ ಜಾಣ ವಕೀಲರಿದ್ದಾರೆ ಎಂದು ಹೇಳುತ್ತಿದ್ದೆ. ಆಗ ಆ ‘ಪಕ್ಷ ಹೇಳಿದರೆ’ ಎಂಬ ಎರಡು ಪದಗಳಿಗೆ ನಿಜವಾಗಿಯೂ ಬೆಲೆಯಿತ್ತು. ದೆಹಲಿಯ ಆ ಗೋಷ್ಠಿಯಲ್ಲಿ ಇಂದಿರಾ ಅವರು ಅಷ್ಟನ್ನು ಸೇರಿಸಿದ್ದರೆ ಕಪೂರ್ ಅವರ ಮೇಲಿನ ಆರೋಪ ನಿಲ್ಲುವುದು ಬಹುಶಃ ಕಷ್ಟವಾಗುತ್ತಿತ್ತು. ಈಗ ಕಾನೂನಿನ ಭಯವೇನೂ ಇಲ್ಲ. ನಿಮ್ಮ ನಾಯಕರಿಗೆ ಹೈಕಮಾಂಡಿನಿಂದ ಫೋನ್ ಇನ್ನೂ ಬಂದಿರಲಿಕ್ಕಿಲ್ಲ.